ಬಡಗು ಬಾಗಿಲಿನ ಚೀಟಿ

ಮೂಡುಬಿದಿರೆ,
೩೦ ಫೆಬ್ರವರಿ ೨೧೭೧

ಪೂಜ್ಯ ವಾರಿಜಜ್ಜಿಯವರಿಗೆ,

ತಾರೀಖು ನೋಡಿ ಕಾಗದವನ್ನು ಮಡಚಿಡಬೇಡಿ. ಫೆಬ್ರವರಿಗೆ ಮೂವತ್ತನೆಯ ದಿನವನ್ನು ನಮ್ಮ ಕಾಲದವರು ಕೊಟ್ಟರು. ಹನ್ನೆರಡರಲ್ಲಿ ಒಂದೇ ತಿಂಗಳು ಬಡವಾಗಿರುವುದು ನ್ಯಾಯವಲ್ಲವೆಂದು ಯಾರೋ ವಾದಿಸಿ ಗೆದ್ದರಂತೆ. ‘ಅಜ್ಜಿ’ ಎಂದದ್ದಕ್ಕೂ ಕ್ಷಮೆಯಿರಲಿ. ಇದು ತಲುಪುವಾಗ ನಿಮಗೆ ಐವತ್ತೊಂದು ವರ್ಷ. ಬರೆಯುತ್ತಿರುವ ನನಗೆ ಐವತ್ತಮೂರು. ಪ್ರಾಯ ನೋಡಿದರೆ ನೀವೇ ನನ್ನನ್ನು ಅಣ್ಣ ಎನ್ನಬೇಕು. ಆದರೆ ನನ್ನ ಅಜ್ಜಿಯ ಅಜ್ಜಿಯನ್ನು ಹೆತ್ತವರು ನೀವು, ಅಷ್ಟು ದೂರದ ನಂಟಿಗೆ ನಮ್ಮಲ್ಲಿಯೂ ಬೇರೆ ಶಬ್ದ ಹುಟ್ಟಿಲ್ಲ. ಮುಂದೆ ಕೆಲವು ವಿಚಿತ್ರ ಮಾತುಗಳು ಬರುತ್ತವೆ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಕಾಗದ ಹಿಂದಕ್ಕೆ ಹೋಗುವುದು ಹೇಗೆಂದು ಮಾತ್ರ ಕೇಳಬೇಡಿ. ಅಂಚೆಯವರು ಅದನ್ನು ನಮಗೂ ಹೇಳುವುದಿಲ್ಲ.

ನನ್ನ ಎಣಿಕೆ ಸರಿಯಿದ್ದರೆ, ಈ ವಾರ ಪಡುಬಿದ್ರಿಯ ನಿಮ್ಮ ಶೆಡ್ಡಿನಲ್ಲಿ ಆ ಹಸಿರು ಕಾರಿನ ಎಂಜಿನ್ ನೆಲದ ಮೇಲಿದೆ. ಎರಡೇ ಸೀಟಿನ, ತಲೆಯ ಮೇಲೆ ಸೂರಿಲ್ಲದ, ಅರುವತ್ತು ವರ್ಷ ಹಳೆಯ ಓಟದ ಕಾರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ಬಂದು, ಸೀರೆಯ ಮೇಲೊಂದು ಹಳೆಯ ಅಂಗಿ ತೊಟ್ಟು ನೀವು ಅದನ್ನು ಬಿಚ್ಚುತ್ತಿದ್ದೀರಿ. ಬಿಚ್ಚಿದ್ದನ್ನೆಲ್ಲ ಬಿಸ್ಕತ್ತಿನ ತಗಡು ಡಬ್ಬಿಗಳಲ್ಲಿ ಹಾಕಿ, ಹಳೆಯ ಮದುವೆ ಕಾಗದಗಳನ್ನು ಕತ್ತರಿಸಿ ಚೀಟಿ ಮಾಡಿ, ಮೇಣ ಉಜ್ಜಿ, ನೂಲಿನಿಂದ ಕಟ್ಟುತ್ತಿದ್ದೀರಿ. ಎಂಜಿನ್ ಪುನಃ ಕಾರಿನೊಳಗೆ ಕೂತಿತು, ಕಾರು ಬಹಳ ವರ್ಷ ಓಡಿತು. ಇಷ್ಟು ಹೇಳಿದರೆ ತಪ್ಪಾಗದು. ಆಮೇಲೆ ಅದು ತೊಂಬತ್ತು ವರ್ಷ ನಿಂತೇ ಇತ್ತು. ಮತ್ತೆ ಬಿಚ್ಚಿದವರು ನಾವು. ನಿಮ್ಮ ಚೀಟಿಗಳು ಭಾಗಗಳಲ್ಲೂ ಡಬ್ಬಿಗಳಲ್ಲೂ ಹಾಗೆಯೇ ಇದ್ದವು, ಆ ಧೈರ್ಯದಿಂದ ನಾವು ಬೇರೆ ಗುರುತು ಮಾಡಿಕೊಳ್ಳಲೇ ಇಲ್ಲ.

ನಾನು ಕೈಬರಹ ಓದುವವನು. ಯಾರೂ ಕೈಯಿಂದ ಬರೆಯದ ಕಾಲದಲ್ಲಿ ಅದೂ ಒಂದು ಉದ್ಯೋಗ. ಹಳೆಯ ಕಪಾಟುಗಳಲ್ಲಿ ಸಿಕ್ಕಿದ ದಿನಸಿ ಪಟ್ಟಿಯನ್ನೂ ಪ್ರೇಮಪತ್ರವನ್ನೂ ಒಂದೇ ಗಂಭೀರ ಮುಖದಿಂದ ಓದಿ ಕೊಡುತ್ತೇನೆ. ನಿಮ್ಮ ಚೀಟಿಗಳ ಮುಂದೆ ಆ ಮುಖ ಉಳಿಯಲಿಲ್ಲ. “ಈ ನಟ್ಟು ಬಿಚ್ಚಲು ಎರಡು ದಿನ. ಪುನಃ ಬಿಗಿಸುವವರಿಗೆ ದೇವರೇ ಗತಿ.” “ಹೆಡ್ಡಿನ ಬೋಲ್ಟು ನಡುವಿನಿಂದ ಹೊರಗೆ ಬಿಗಿಸುವುದು, ಹಪ್ಪಳ ಲಟ್ಟಿಸಿದ ಹಾಗೆ.” ಬೆರಳುದ್ದದ ಒಂದು ಕಬ್ಬಿಣದ ತುಂಡಿಗೆ: “ಇದು ಎಂತದ್ದು ಅಂತ ಗೊತ್ತಿಲ್ಲ. ಬಿಸಾಡಬಾರದು.” ಬಿಸಾಡಿಲ್ಲ. ನಮಗೂ ಗೊತ್ತಾಗಿಲ್ಲ. ಚೀಟಿ ಮಗುಚಿದರೆ ಯಾರದೋ ಶುಭಮುಹೂರ್ತ, ಯಾರದೋ ಅರ್ಧ ಹೆಸರು, “ಊಟೋಪಚಾರಕ್ಕೆ ದಯಮಾಡಿಸ”. ಬರೆಯುವ ಹುಮ್ಮಸ್ಸಿನಲ್ಲಿ ನೀವು ಬಿಚ್ಚಿಯೇ ಇರದ ಬಾಗಿಲಿನ ಹಿಡಿಗೂ ಒಂದು ಚೀಟಿ ಕಟ್ಟಿದ್ದಿರಿ. ಅದನ್ನು ಓದಿ, ‘ಎಂಜಿನ್ನಿಗೆ ಸಂಬಂಧವಿಲ್ಲ’ ಎಂದು ಪಟ್ಟಿಯ ಕೊನೆಯಲ್ಲಿ ಬರೆದು, ಹಿಡಿಯಲ್ಲೇ ಬಿಟ್ಟೆ. ಕಸುಬು ತಿಳಿದವನು ಹೀಗೆ ಖಚಿತವಾಗಿ ತಪ್ಪುತ್ತಾನೆ.

ಏನನ್ನೂ ಉರಿಸದೆ ಬದುಕುವುದನ್ನು ನಾವು ಕಲಿತು ಮೂರು ತಲೆಮಾರು ಸಂದವು. ಗಾಳಿ ಚೆನ್ನಾಗಿದೆ. ಹಳೆಯ ಎಂಜಿನ್ನುಗಳ ಮೇಲೆ ಸರಕಾರಕ್ಕೆ ಸಿಟ್ಟೇನಿಲ್ಲ, ಆದರೆ ಒಂದು ಕಟ್ಟಳೆಯಿದೆ. ದುರಸ್ತಿಯಾದ ಎಂಜಿನ್ನಿಗೆ ಒಂದೇ ಸಲ ‘ಉರಿಗಳಿಗೆ’ ಸಿಗುತ್ತದೆ: ಒಂದು ಗಳಿಗೆ, ಅಂದರೆ ನಿಮ್ಮ ಇಪ್ಪತ್ತನಾಲ್ಕು ನಿಮಿಷ, ಉರಿಸಲು ಅಪ್ಪಣೆ. ಅಷ್ಟರಲ್ಲಿ ಹೊತ್ತಿಕೊಂಡರೆ ಮುಂದೆ ವರ್ಷಕ್ಕೊಂದು ಗಳಿಗೆ ಅದರ ಪಾಲಿಗೆ ಖಾಯಂ. ಹೊತ್ತಿಕೊಳ್ಳದಿದ್ದರೆ ‘ಮೌನಮುದ್ರೆ’: ನಾಲ್ಕು ಸಿಲಿಂಡರುಗಳಿಗೂ ರಾಳ ಹೊಯ್ದು ಗಟ್ಟಿಮಾಡಿ ಹೋಗುತ್ತಾರೆ. ಆಮೇಲೆ ಅದರ ಮೇಲೆ ಹೂಕುಂಡ ಇಡಬಹುದು. ನನಗೆ ಅದರ ಸ್ವರ ಕೇಳಬೇಕಿತ್ತು. ಇದಕ್ಕಿಂತ ಗೌರವದ ಕಾರಣವೊಂದನ್ನು ಹುಡುಕಿದೆ, ಸಿಗಲಿಲ್ಲ. ಆರು ವರ್ಷ ನಿಮ್ಮ ಅಕ್ಷರ ಓದಿದವನಿಗೆ, ನಿಮ್ಮ ಕಿವಿಗೆ ಬಿದ್ದ ಒಂದು ಸದ್ದಾದರೂ ತನ್ನ ಕಿವಿಗೂ ಬೀಳಲಿ ಎನ್ನಿಸುವುದು ಸಹಜವೆಂದುಕೊಳ್ಳುತ್ತೇನೆ.

ಕೆಲಸಕ್ಕೆ ಕೈಹಾಕಿದವರು ಮೂವರು: ನಾನು, ನನ್ನ ಅಕ್ಕ ದೇಯಿ, ಅವಳ ಗಂಡ ಕಾಂತಪ್ಪ ಭಾವ. (ನಿಮ್ಮ ಕಾಲದಲ್ಲಿ ಅಜ್ಜ ಅಜ್ಜಿಯರಿಗಿದ್ದ ಹೆಸರುಗಳು ಮತ್ತೆ ಚಾಲ್ತಿಗೆ ಬಂದಿವೆ.) ಜಾಗ ಅಕ್ಕನ ಮನೆ. ಅದು ತಿರುಗುಮನೆ, ಈಗ ಎಲ್ಲರದೂ ತಿರುಗುಮನೆಯೇ. ಬಿಸಿಲು ಗೋಡೆಗೆ ನೇರ ಬೀಳದಂತೆ ಇಡೀ ಮನೆ ಸೂರ್ಯನ ಜೊತೆ ದಿನವಿಡೀ ಮೆಲ್ಲನೆ ತಿರುಗುತ್ತದೆ. ಬೆಳಿಗ್ಗೆ ಅಡುಗೆಮನೆಯ ಕಿಟಕಿಯಲ್ಲಿ ಕಂಡ ಬಸದಿ ಸಂಜೆ ಬಚ್ಚಲಿನ ಕಿಟಕಿಯಲ್ಲಿ ಕಾಣುತ್ತದೆ. ಹೀಗಾಗಿ ನಮ್ಮ ಮಾತಿನಿಂದ ದಿಕ್ಕುಗಳು ಉದುರಿಹೋಗಿವೆ. ಯಕ್ಷಗಾನದಲ್ಲಿ ತೆಂಕುತಿಟ್ಟು, ಬಡಗುತಿಟ್ಟು ಎನ್ನುತ್ತೇವೆ ನಿಜ, ಆದರೆ ಅವು ಕಿರೀಟದ ಬಗೆಗಳೆಂದೇ ಹೆಚ್ಚಿನವರ ನಂಬಿಕೆ. ಮೂಡುಬಿದಿರೆಯಲ್ಲೇ ಹುಟ್ಟಿ ಬೆಳೆದ ನನಗೆ, ನನ್ನ ಊರಿನ ಹೆಸರಿನೊಳಗೂ ನಿಮ್ಮ ಊರಿನ ಹೆಸರಿನೊಳಗೂ ಒಂದೊಂದು ದಿಕ್ಕು ಕೂತಿದೆಯೆಂದು ತಿಳಿದದ್ದು ನಿಮ್ಮ ಚೀಟಿಗಳಿಂದ.

ಯಾಕೆಂದರೆ ನೀವು ಎಲ್ಲಿಯೂ ಎಡ, ಬಲ, ಮುಂದೆ, ಹಿಂದೆ ಎಂದು ಬರೆದಿಲ್ಲ. ಬೇರೆ ಬೇರೆ ರೂಪದ ಭಾಗಗಳಿಗೆ ಹೆಸರು ಸಾಕಿತ್ತು. ಒಂದೇ ಮೋರೆಯ ನಾಲ್ಕು ವಸ್ತುಗಳಿದ್ದಲ್ಲಿ, “ಮೂಡು ತುದಿ, ಮೂಡು ನಡು, ಪಡು ನಡು, ಪಡು ತುದಿ.” ಪಂಕ್ತಿಯಲ್ಲಿ ಕೂತವರಿಗೆ ‘ಸ್ವಲ್ಪ ಪಡುವಿಗೆ ಸರಿಯಿರಿ’ ಎನ್ನುವ ಊರಿನವರು ನೀವು. ನಿಮ್ಮ ಮನೆ ನಿಂತಲ್ಲೇ ನಿಂತಿತ್ತು, ಕಡಲೂ ಗಟ್ಟವೂ ಇದ್ದಲ್ಲೇ ಇದ್ದವು. ಮನುಷ್ಯರು ಮಾತ್ರ ಅತ್ತಿತ್ತ ತಿರುಗುತ್ತಿದ್ದರು. ನಮ್ಮದು ಉಲ್ಟಾ. ಮೊದಲ ದಿನ ಮೂಡು ಎಂದಿದ್ದ ಡಬ್ಬಿಗಳನ್ನು ಶಿಸ್ತಾಗಿ ಮೂಡು ಮೂಲೆಯಲ್ಲಿಟ್ಟು ಊಟಕ್ಕೆ ಹೋದೆವು. ಬಂದು ನೋಡಿದರೆ ಅವು ತೆಂಕಿನಲ್ಲಿದ್ದವು. “ಭಾವ, ನಿಮ್ಮ ಮೂಡು ಊಟ ಮುಗಿಸಿ ತಿರುಗಾಟಕ್ಕೆ ಹೊರಟಿದೆ” ಎಂದ, ನನ್ನನ್ನೂ ಭಾವ ಎಂದೇ ಕರೆಯುವ ಕಾಂತಪ್ಪ ಭಾವ. ಮನೆಯನ್ನೇ ನಿಲ್ಲಿಸಿದೆವು. ಮೂರನೆಯ ದಿನ ಅಕ್ಕ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಬಂದಳು. “ನಿಮ್ಮ ಎಂಜಿನಿಗೆ ಎಂತ, ಅದಕ್ಕೆ ಬೆವರುಂಟಾ? ನಾನಿಲ್ಲಿ ಹಪ್ಪಳ ಆಗ್ತಾ ಇದ್ದೇನೆ ಮಾರಾಯ.” ಕೊನೆಗೆ ಎಲ್ಲವನ್ನೂ ಅಂಗಳಕ್ಕೆ, ತಿರುಗದ ನೆಲಕ್ಕೆ ಸಾಗಿಸಿ, ದಿಕ್ಸೂಚಿ ಇಟ್ಟು, ಸುಣ್ಣದಿಂದ ಪೂರ್ವಕ್ಕೆ ಮೂಡು, ಪಶ್ಚಿಮಕ್ಕೆ ಪಡು, ಉತ್ತರಕ್ಕೆ ಬಡಗು, ದಕ್ಷಿಣಕ್ಕೆ ತೆಂಕು ಎಂದು ಬರೆದುಕೊಂಡೆವು.

ಉಳಿದದ್ದು ಒಂದೇ ಪ್ರಶ್ನೆ. ನೀವು ಎಂಜಿನ್ ಬಿಚ್ಚಿದಾಗ ಕಾರಿನ ಮುಖ ಯಾವ ಕಡೆಗಿತ್ತು? ಶೆಡ್ಡನ್ನು ನೋಡಿ ಬರೋಣವೆಂದರೆ ಅಲ್ಲಿ ಈಗ ಕಡಲಿದೆ, ಏಡಿಗಳಿವೆ. ಪಿಸ್ಟನ್, ರಾಡುಗಳ ಮೇಲೆ ಕಾರ್ಖಾನೆಯವರೇ ಅಂಕೆ ಕೊರೆದಿದ್ದರಿಂದ ಅವುಗಳ ಚಿಂತೆಯಿರಲಿಲ್ಲ. ನಿಮ್ಮ ದಿಕ್ಕನ್ನೇ ನಂಬಬೇಕಾದವು ನಾಲ್ಕು ವಯರುಗಳು, ಡಿಸ್ಟ್ರಿಬ್ಯೂಟರಿನಿಂದ ಸರದಿಯ ಮೇಲೆ ಒಂದೊಂದು ಸಿಲಿಂಡರಿಗೆ ಕಿಡಿ ಒಯ್ಯುವಂಥವು. ಮುಖ ಮೂಡಿಗೇ ಇತ್ತೆಂದು ನಾನು ತೀರ್ಪು ಕೊಟ್ಟೆ. ನಿಮ್ಮ ಕಾಲದವರು ದೇವರ ಪಟವನ್ನೂ ಹೊಸ್ತಿಲನ್ನೂ ಊಟದ ಮಣೆಯನ್ನೂ ಮೂಡಿಗೆ ಇಡುತ್ತಿದ್ದರೆಂದು ಎಷ್ಟೋ ಕಾಗದಗಳಲ್ಲಿ ಓದಿದ್ದೆ. ಇಷ್ಟು ಪ್ರೀತಿಯ ಕಾರನ್ನು ಬೇರೆ ಕಡೆಗೆ ನಿಲ್ಲಿಸಿರಲಾರಿರಿ ಎಂದು ಭಾಷಣವನ್ನೇ ಮಾಡಿದೆ. ಭಾವ ತಲೆಯಾಡಿಸಿದ. ಅಕ್ಕ ಮಾತ್ರ, “ಗಣಿತ ಟೀಚರಲ್ವಾ ಅವ್ರು, ಭಟ್ರಲ್ವಲ್ಲ” ಎಂದು ಗೊಣಗಿ ಒಳಗೆ ಹೋದಳು.

ಎಂಜಿನ್ ಇಳಿಸಿದ ದಿನದ ಬಗ್ಗೆ ಬರೆಯದೆ ಇರಲಾರೆ. ಚೈನ್ ಪುಲ್ಲಿಯಲ್ಲಿ ತೂಗುಹಾಕಿ, ಬಾಲ ತಗ್ಗಿಸಿ ಮೂಗು ಎತ್ತಿ, ಇಂಚಿಂಚಾಗಿ ಬಿಟ್ಟೆವು. ಎಲ್ಲ ಸರಿ. ಆದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಒಂದು ಬೆರಳಿನಷ್ಟು ಸಂದು ಉಳಿಯಿತು, ಹಲ್ಲಿಗೆ ಹಲ್ಲು ಕೂಡಲಿಲ್ಲ. ಎರಡು ಗಂಟೆ ತಳ್ಳಿದೆವು, ಅಲುಗಾಡಿಸಿದೆವು. ಕಾರಿನ ಅಡಿಯಲ್ಲಿ ಮಲಗಿದ್ದ ಭಾವ, ನಾನು ಎಂದೂ ಕೇಳಿರದ ಶಬ್ದಗಳನ್ನು ಬಳಸಿದ. ಅವುಗಳನ್ನು ಬಿಡಿಸಿ ಹೇಳುವುದಿಲ್ಲ. ಮಜ್ಜಿಗೆ ತಂದ ಅಕ್ಕ ಸುಸ್ತಾಗಿ ಕಾರಿನ ಹಿಂಭಾಗಕ್ಕೆ ಒರಗಿದಳು. ಗೇರು ಹಾಕಿಯೇ ಇತ್ತು. ಚಕ್ರ ಅಂಗುಲದಷ್ಟು ಉರುಳಿತು, ಒಳಗಿನ ದಂಡ ಒಂದಿಷ್ಟು ತಿರುಗಿತು, ‘ಟಕ್’ ಎಂದು ಎಂಜಿನ್ ಒಳಗೆ ಜಾರಿ ಕೂತಿತು. “ಏನಾಯ್ತು?” ಎಂದಳು ಅಕ್ಕ. “ಎಂತ ಇಲ್ಲ, ಇನ್ನೊಂದು ಲೋಟ ಮಜ್ಜಿಗೆ ಕೊಡು” ಎಂದಿತು ಅಡಿಯಿಂದ ಒಂದು ಸ್ವರ.

ಉರಿಗಳಿಗೆಯ ದಿನ ಬೆಳಿಗ್ಗೆ ಉರಿ ಇಲಾಖೆಯ ಫ್ಲೋರಿನ್ ಲೋಬೊ ಎಂಬ ಹೆಂಗಸು ಬಂದರು, ಎಲ್ಲರೂ ಕರೆಯುವುದು ‘ಲೋಬೊ ಬಾಯಿ’ ಎಂದು. ಅವರ ಒಂದು ಕೈಯಲ್ಲಿ ರಾಳದ ಕ್ಯಾನು, ಇನ್ನೊಂದರಲ್ಲಿ ತಾಮ್ರದ ಗಳಿಗೆ ಬಟ್ಟಲು. ತಳದಲ್ಲಿ ಸಣ್ಣ ತೂತಿರುವ ಆ ಬಟ್ಟಲನ್ನು ಬಕೆಟ್ಟಿನ ನೀರಿನ ಮೇಲೆ ತೇಲಿಬಿಟ್ಟರೆ ಸರಿಯಾಗಿ ಒಂದು ಗಳಿಗೆಗೆ ತುಂಬಿ ಮುಳುಗುತ್ತದೆ. ಎಷ್ಟೋ ಸೂಕ್ಷ್ಮ ಗಡಿಯಾರಗಳಿದ್ದರೂ ಕಾನೂನಿಗೆ ಇದೇ ಇಷ್ಟ. ಇಂಧನ ಗೇರುಹಣ್ಣಿನ ಸಾರಾಯಿ. ಅದು ಹೆಚ್ಚು ಹರಿಯಬೇಕಾದ್ದರಿಂದ ಕಾರ್ಬ್ಯುರೇಟರಿನ ಸೂಜಿಗಳನ್ನು ತುಸು ಸಪೂರ ಮಾಡಿದ್ದೆವು. ಭಾವ ಬಾಟಲಿಯನ್ನು ಮೂಸಿ, “ಎಂಜಿನ್ ಕುಡಿಯದಿದ್ದರೆ ಹೇಳಿ, ದಂಡ ಆಗ್ಲಿಕ್ಕೆ ಬಿಡುವುದು ಬೇಡ” ಎಂದ. ಲೋಬೊ ಬಾಯಿ ನಗಲಿಲ್ಲ. ಬಟ್ಟಲನ್ನು ನೀರಿಗಿಟ್ಟರು. ಸ್ಟೀರಿಂಗಿನ ಮುಂದೆ ಕೂತಿದ್ದ ಅಕ್ಕ ಸೆಲ್ಫ್ ಹೊಡೆದಳು.

ಎಂಜಿನ್ ತಿರುಗಿತು. ತಿರುಗುತ್ತಲೇ ಇತ್ತು, ಹೊತ್ತಿಕೊಳ್ಳಲಿಲ್ಲ. ನಡುವೆ ಒಮ್ಮೊಮ್ಮೆ ಕಾರ್ಬ್ಯುರೇಟರಿನಿಂದ ‘ಫಟ್’ ಎಂದು ಹಿಂದಕ್ಕೆ ಸೀನುತ್ತಿತ್ತು. “ಶೀತ ಆಗಿದೆ ಇದಕ್ಕೆ” ಎಂದ ಭಾವ. ಪ್ಲಗ್ಗುಗಳನ್ನು ಒರೆಸಿದೆವು, ಇಂಧನದ ಕೊಳವೆ ಊದಿದೆವು. ಬಟ್ಟಲು ಅರ್ಧ ತುಂಬಿತು. ಕಿಡಿಯಿತ್ತು, ಇಂಧನವಿತ್ತು, ಗಾಳಿಯಿತ್ತು. ನಾನು ಪಟ್ಟಿ ತೆಗೆದು ಮೊದಲ ಸಾಲಿನಿಂದ ಓದತೊಡಗಿದೆ. ಬೇರೇನು ಮಾಡಬೇಕೆಂದು ತೋಚದಾಗ ನಾನು ಓದುತ್ತೇನೆ. ಮುಕ್ಕಾಲು ತುಂಬಿತು. ಲೋಬೊ ಬಾಯಿ ಕ್ಯಾನಿನ ಮುಚ್ಚಳ ಸಡಿಲಿಸುತ್ತ, “ನನ್ನ ಕೈಲಿ ಎಂತದೂ ಇಲ್ಲ ಮಾರಾಯ್ರೇ. ಬಟ್ಟಲು ಮುಳುಗಿತು ಅಂದ್ರೆ ಮುಳುಗಿತು” ಎಂದರು. ಅವರ ದನಿಯಲ್ಲಿ ಬೇಸರವಿತ್ತು ಎಂದು ಆಮೇಲೆ ನೆನಪಾಯಿತು.

ಆಗ ಅಕ್ಕ, ಕೈಗೆ ಕೆರೆಯುತ್ತಿದ್ದ ಯಾವುದನ್ನೋ ಹಿಡಿದು ಎತ್ತಿ, “ಎಂತ ಇದು? ಕೂತಾಗಿನಿಂದ ಚುಚ್ಚುತ್ತಾ ಉಂಟು” ಎಂದು ನಿಧಾನವಾಗಿ ಓದಿದಳು. ಆರು ವರ್ಷದಲ್ಲಿ ಅವಳು ನನ್ನಿಂದ ಅಷ್ಟು ಅಕ್ಷರ ಕಲಿತಿದ್ದಳು. “ಬಡಗು ಬಾಗಿಲು. ನಾನು ಹತ್ತುವ ಬದಿ.”

ಅವಳು ಕೂತಿದ್ದು ಸ್ಟೀರಿಂಗಿನ ಬದಿಯಲ್ಲಿ, ಅಂದರೆ ಕಾರಿನ ಬಲಕ್ಕೆ. ನಾನು ಸುಣ್ಣದ ಗುರುತಿನ ಮೇಲೆ ನಿಂತು ಬಲಗೈಯನ್ನು ಬಡಗಿಗೆ ಚಾಚಿದೆ. ಮುಖ ತಾನಾಗಿ ಪಡುವಿಗೆ ತಿರುಗಿತು. “ಭಾವ,” ಎಂದೆ, “ಕಾರು ಕಡಲನ್ನು ನೋಡ್ತಾ ಇತ್ತು.” ಭಾವ ವಯರುಗಳಿಗೆ ಕೈಹಾಕಿದ. ತುದಿಯದನ್ನು ಇನ್ನೊಂದು ತುದಿಗೆ, ನಡುವಿನದನ್ನು ಇನ್ನೊಂದು ನಡುವಿಗೆ. ಅಷ್ಟು ಹೊತ್ತೂ ಕಿಡಿ ಸರಿಯಾದ ಕ್ರಮದಲ್ಲೇ ಬರುತ್ತಿತ್ತು, ಆದರೆ ಡಿಸ್ಟ್ರಿಬ್ಯೂಟರಿನ ಅರ್ಧ ಸುತ್ತು ತಡವಾಗಿ. ಎಲ್ಲರೂ ಉಂಡೆದ್ದ ಮೇಲೆ ಬಡಿಸಲು ಬಂದವರ ಹಾಗೆ. ಬಟ್ಟಲಿನ ಅಂಚು ನೀರಿಗಿಂತ ಒಂದು ನೂಲಿನಷ್ಟು ಮೇಲಿತ್ತು. ಅಕ್ಕ ಸೆಲ್ಫ್ ಹೊಡೆದಳು.

ಆ ಸ್ವರವನ್ನು ನಾನು ವರ್ಣಿಸುವುದಿಲ್ಲ. ನಿಮಗೆ ಅದು ಗೊತ್ತಾಗುತ್ತದೆ, ಇನ್ನು ಕೆಲವೇ ತಿಂಗಳಲ್ಲಿ. ಅಂಗಳದ ಕಾಗೆಗಳು ಎದ್ದವು, ಪಕ್ಕದ ಮನೆ ತಿರುಗುವುದನ್ನು ನಿಲ್ಲಿಸಿತು, ಗೇರುಹಣ್ಣಿನ ಘಾಟು ಊರಿಗೆಲ್ಲ ಹಬ್ಬಿತು. ಅಷ್ಟರಲ್ಲಿ ಬಟ್ಟಲು ಮುಳುಗಿತು, ಅಕ್ಕ ಎಂಜಿನ್ ಆರಿಸಿದಳು. ಲೋಬೊ ಬಾಯಿ ರಾಳದ ಮುಚ್ಚಳವನ್ನು ಮತ್ತೆ ಬಿಗಿಸಿ, ಬಟ್ಟಲಿನ ನೀರು ಚೆಲ್ಲಿ, ಹೋಗುವ ಮುಂಚೆ ಬಡಗು ಬಾಗಿಲಿನ ಹತ್ತಿರ ಸ್ವಲ್ಪ ನಿಂತರು. “ಬರುವ ವರ್ಷವೂ ಈ ಮನೆಯ ಡ್ಯೂಟಿ ನನಗೇ ಹಾಕಿಸಿಕೊಳ್ತೇನೆ. ಒಂದು ಸುತ್ತು ಕೂರಿಸ್ತೀರಾ?”

ನಾವು ಹಿಂದಿನವರನ್ನು ಅತಿಯಾಗಿ ಶಾಸ್ತ್ರೋಕ್ತ ಮಾಡಿಬಿಡುತ್ತೇವೆ. ನೀವು ಶಾಲೆಯಿಂದ ದಣಿದು ಬಂದು ಕಾರನ್ನು ನೇರ ಒಳಗೆ ನುಗ್ಗಿಸಿದಿರೋ, ಅಥವಾ ಅದಕ್ಕೂ ಕಡಲು ಕಾಣಲಿ ಎಂದು ಹಾಗೆ ನಿಲ್ಲಿಸಿದಿರೋ, ಯಾವ ಚೀಟಿಯಲ್ಲೂ ಇಲ್ಲ. ಕೇಳುವುದೂ ಇಲ್ಲ. ಮೊದಲು ಈ ಕಾಗದದಲ್ಲಿ, ದಯವಿಟ್ಟು ‘ಮುಂದಿನಿಂದ ಒಂದು, ಎರಡು’ ಎಂದು ಬರೆಯಿರಿ ಎಂದು ವಿನಂತಿಸಿದ್ದೆ. ಆ ಸಾಲನ್ನು ಹೊಡೆದುಹಾಕಿದ್ದೇನೆ. ನಿಮಗೆ ತೋಚಿದ ಹಾಗೆಯೇ ಬರೆಯಿರಿ.

ಒಂದು ಕೋರಿಕೆ ಮಾತ್ರ. ಎಂಜಿನ್ ಕೂರಿಸಿ, ಡಬ್ಬಿಗಳನ್ನು ಒಳಗಿಟ್ಟು, ಕಾರು ಹೊರಡಿಸುವ ದಿನ ನಿಮ್ಮ ಬದಿಯ ಬಾಗಿಲಿನ ಹಿಡಿಯಲ್ಲಿ ಒಂದು ಚೀಟಿ ಉಳಿದಿರುತ್ತದೆ. ಬಾಗಿಲು ತೆಗೆಯುವಾಗಲೆಲ್ಲ ಅದು ಕೈಗೆ ಕೆರೆಯುತ್ತದೆ. ನಾಳೆ ಕತ್ತರಿಸಿದರಾಯಿತು ಎನ್ನುತ್ತೀರಿ, ಒಂದು ದಿನ ನಿಜವಾಗಿಯೂ ಎದ್ದು ಹುಡುಕುತ್ತೀರಿ. ಆ ದಿನ ನಿಮಗೆ ಕತ್ತರಿ ಸಿಗದಿರಲಿ.

ಇತಿ, ನಿಮಗಿಂತ ಎರಡು ವರ್ಷ ಹಿರಿಯ ಮರಿಮಗ,
ಐತಪ್ಪ