ತೂತು ಚಪ್ಪರದ ಅತಿಥಿ

ರೇನರ್ಸ್ ಲೇನ್, ಲಂಡನ್,
ಭಾನುವಾರ, ಅಕ್ಟೋಬರ್ ೧೨

ಮಗಳೇ ಸೌಂದರ್ಯಾ,

ನಿನಗೆ ನನ್ನ ಆಶೀರ್ವಾದ. ನೀನು ಮನೆ ಮಾಡಿಕೊಂಡಿರುವ ಆ ದೋಣಿಗೆ ಸದ್ಯಕ್ಕೆ ಏನೂ ಇಲ್ಲ, ಪತ್ರ ಮುಗಿಯುವ ಹೊತ್ತಿಗೆ ನೋಡೋಣ.

ಇಷ್ಟು ತಿಂಗಳ ಮೇಲೆ ಅವ್ವ ಕಾಗದ ಬರೆದಿದ್ದಾಳೆಂದು ಗಾಬರಿಯಾಗಬೇಡ. ಎಲ್ಲರೂ ಚೆನ್ನಾಗಿದ್ದೇವೆ. ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದುಹೋಗುವಂಥ ಸುದ್ದಿಯಿದೆ, ಅಷ್ಟೇ. ಫೋನಿನಲ್ಲಾದರೆ ನಾವಿಬ್ಬರೂ ಎರಡನೇ ಮಾತಿಗೇ ಜಗಳಕ್ಕೆ ನಿಲ್ಲುತ್ತೇವೆ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ. ಓದಲು ಬರುವುದಿಲ್ಲ ಎನ್ನಬೇಡ, ಅಳುತ್ತಿದ್ದ ನಿನ್ನನ್ನು ಭಾನುವಾರದ ಕನ್ನಡ ಶಾಲೆಗೆ ಎಳೆದೊಯ್ದವಳು ನಾನೇ.

ನಮ್ಮ ಪಕ್ಕದ ಮನೆಗೆ ಈ ಬೇಸಿಗೆಯಲ್ಲಿ ಮಿರಿಯಂ ಎಂಬ ಯಹೂದಿ ಅಜ್ಜಿ ಬಂದಿದ್ದಾರೆ, ಗಣಿತದ ಟೀಚರ್ ಆಗಿದ್ದವರು. ಹೋದ ವಾರ ಮೊಮ್ಮಕ್ಕಳನ್ನು ಸೇರಿಸಿಕೊಂಡು ಹಿತ್ತಲಲ್ಲಿ ಹಲಗೆ ನಿಲ್ಲಿಸಿ, ಮೇಲೆ ಬಿದಿರು, ಟೊಂಗೆ ಹರಡಿ ಚಪ್ಪರ ಹಾಕಿದರು. ಗೋಡೆ ಮುಟ್ಟಿದರೆ ಅಲುಗಾಡುತ್ತಿತ್ತು. ಚಾವಣಿಯಂತೂ ಬರೀ ತೂತು. ಬೆಚ್ಚಗಿನ ಮನೆ ಬಿಟ್ಟು ಒಂದು ವಾರ ಅದರೊಳಗೆ ಕೂತು ಊಟ ಮಾಡುತ್ತಾರಂತೆ. ಸುಕ್ಕೋತ್ ಹಬ್ಬವಂತೆ.

ಗುರುವಾರ ಮಳೆ ಹಿಡಿಯಿತು. ಅವರೆಲ್ಲ ಮನೆಯೊಳಗೆ ಹೋಗಿದ್ದರು. ನನ್ನ ಸ್ವಭಾವ ನಿನಗೆ ಗೊತ್ತಲ್ಲ, ಯಾರ ಮನೆ ಸೋರಿದರೂ ನನಗೆ ಸುಮ್ಮನಿರಲಾಗದು. ಬೇಲಿಯ ಮುರಿದ ಹಲಗೆಯಿಂದ ನುಗ್ಗಿ, ನಿಮ್ಮಪ್ಪನನ್ನು ಏಣಿ ಹತ್ತಿಸಿ, ನಮ್ಮ ನೀಲಿ ತಾಡಪತ್ರಿಯನ್ನು ಚಪ್ಪರಕ್ಕೆ ಹೊದಿಸಿ, ಹನಿ ಇಳಿಯದಂತೆ ನಾಲ್ಕೂ ಮೂಲೆ ಬಿಗಿಸಿದೆ. ಮಳೆ ನಿಂತ ಮೇಲೆ ಮಿರಿಯಂ ಸೂಪಿನ ಪಾತ್ರೆ ಹಿಡಿದು ಬಂದರು. ತಲೆಯೆತ್ತಿ ನೋಡಿದರು. ಪಾತ್ರೆ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಚಪ್ಪರಕ್ಕೂ ಆಕಾಶಕ್ಕೂ ನಡುವೆ ಏನೂ ಅಡ್ಡ ಇರಬಾರದಂತೆ, ಸಂದಿಯಿಂದ ಚುಕ್ಕೆ ಕಾಣಬೇಕಂತೆ! ನಾನು ಅವರ ಹಬ್ಬಕ್ಕೇ ಮುಚ್ಚಳ ಹಾಕಿದ್ದೆ. “ಮೊದಲ ಕೇಳಿ ಕಟ್ಟೂಣು ಅಂತ ನಾ ಹೇಳಿದ್ದಿಲ್ಲೇನ?” ಎಂದು ಗೊಣಗುತ್ತ ನಿಮ್ಮಪ್ಪ ಗಂಟು ಬಿಚ್ಚಿದರು.

ಮಿರಿಯಂ ನಮ್ಮನ್ನು ಬಿಡಲಿಲ್ಲ, ಒಳಗೆ ಕೂರಿಸಿದರು. ಮೇಜಿನ ಮೇಲೆ ನಮ್ಮ ಮಾದಳದಂಥದ್ದೇ ಒಂದು ಹಣ್ಣು, ಎಂಥ ಪರಿಮಳ ಅಂತೀ! ಇಷ್ಟು ತೂತಿನ ಕೆಳಗೆ ಅದೇನು ಸಂಭ್ರಮ ಎಂದು ಕೇಳಿಯೇಬಿಟ್ಟೆ. ಗಟ್ಟಿ ಮನೆಯಲ್ಲಿ ಕೂತವರಿಗೆ ತಮ್ಮನ್ನು ಕಾಯುವುದು ಗೋಡೆಯೇ ಎನಿಸುತ್ತದಂತೆ. ಅದಕ್ಕೇ ವರ್ಷಕ್ಕೊಮ್ಮೆ ಗೋಡೆ ಬಿಟ್ಟು ಹೊರಗೆ ಬರುವುದು. ಚಪ್ಪರದ ನೆರಳು ಎಲೆಗಳದ್ದಲ್ಲ, ದೇವರದ್ದು. ಬೇರೆ ಪೂಜೆಗೆ ಕೈ, ಬಾಯಿ ಸಾಕು, ಇದರೊಳಗೆ ಮಾತ್ರ ಮನುಷ್ಯ ಕೆಸರುಗಾಲಿನ ಸಮೇತ ಹೊಕ್ಕುಬಿಡುತ್ತಾನೆ, ತಾಯಿ ತಬ್ಬಿಕೊಂಡ ಹಾಗೆ. ಹೀಗೆಂದು ಅವರು ಸೂಪ್ ಬಡಿಸುತ್ತಲೇ ಹೇಳಿದರು.

ಈಗ ಕೇಳು. ಮೇಜಿನ ತುದಿಗೆ ಒಂದು ಖಾಲಿ ಕುರ್ಚಿಯಿತ್ತು. ದಿನಕ್ಕೊಬ್ಬರಂತೆ ಏಳು ಜನ ಪೂರ್ವಿಕರು ಕಣ್ಣಿಗೆ ಕಾಣದಂತೆ ಬಂದು ಅಲ್ಲಿ ಕೂರುತ್ತಾರಂತೆ, ನಾವು ಹೆಸರು ಹಿಡಿದು ಕರೆಯಬೇಕಂತೆ. ನಮ್ಮಲ್ಲಿ ಜಂಗಮರನ್ನು ಬಿನ್ನಹದ ಊಟಕ್ಕೆ ಕರೆದಂತೆ ಎಂದುಕೊಂಡೆ. ಆದರೆ ಆ ಏಳು ಜನ ಯಾರು ಗೊತ್ತೇ? ಒಬ್ಬ ತಂದೆಯ ಊರು ಬಿಟ್ಟು ಹೊರಟವನು, ಒಬ್ಬ ಓಡಿಹೋದವನು, ಒಬ್ಬನನ್ನು ಅಣ್ಣಂದಿರೇ ಮಾರಿದರು. ಒಬ್ಬರೂ ಒಂದೇ ಕಡೆ ನೆಲೆ ನಿಂತವರಲ್ಲ. ಮನೆ ಬಿಟ್ಟು ಅಲೆದವರೇ ಈ ಹಬ್ಬದ ದೊಡ್ಡ ಅತಿಥಿಗಳು! ಸೌಂದರ್ಯಾ, ನನ್ನ ಮೈ ಜುಮ್ಮೆಂದಿತು.

ನೀವೂ ಯಾರನ್ನಾದರೂ ಕರೆಯಿರಿ ಎಂದರು ಮಿರಿಯಂ. ಧಾರವಾಡದಲ್ಲಿ ತೀರಿಕೊಂಡ ನನ್ನವ್ವನನ್ನು ಕರೆಯಬೇಕೆಂದು ಬಾಯಿ ತೆರೆದೆ, ಬಂದದ್ದು ನಿನ್ನ ಹೆಸರು. ನಿಮ್ಮಪ್ಪ ಬಿದ್ದುಬಿದ್ದು ನಕ್ಕು, “ಆಕಿ ಇಲ್ಲೇ ಲಂಡನ್ನಾಗ ಅದಾಳ, ಫೋನ್ ಹಚ್ಚಿದ್ರ ಬರ್ತಾಳ” ಎಂದರು. ಮಿರಿಯಂ ನಗಲಿಲ್ಲ. ಮಗಳು ಎಲ್ಲಿದ್ದಾಳೆ ಎಂದು ಕೇಳಿದರು. ಹೌನ್ಸ್ಲೋದ ಒಳ್ಳೆಯ ಫ್ಲ್ಯಾಟ್ ಬಿಟ್ಟು ಸ್ಟ್ರಾಟ್‌ಫರ್ಡಿನ ಹತ್ತಿರ ಕಾಲುವೆಯಲ್ಲಿ ದೋಣಿ ಕೊಂಡು ಅದರೊಳಗೇ ಇದ್ದಾಳೆ, ಅದರ ಚಾವಣಿಯೂ ಸೋರುತ್ತದಂತೆ ಎಂದೆ. ಅವರ ಮುಖ ಅರಳಿತು. ಹಾಗಾದರೆ ಕರೆಯಬೇಕಾದವಳು ಅವಳು, ಹೋಗಬೇಕಾದವರು ನೀವು ಎಂದರು.

ಅವತ್ತಿನಿಂದ ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. “ನೀರಿನ ಮ್ಯಾಲಿನ ಡಬ್ಬಿಯೊಳಗ ನಾ ಕಾಲ ಇಡಂಗಿಲ್ಲ” ಎಂದು ಮೇ ತಿಂಗಳಲ್ಲಿ ಹೇಳಿದ್ದೆನಲ್ಲ, ಆ ಮಾತನ್ನು ಕಾಲುವೆಗೇ ಎಸೆದುಬಿಡು. ನಿನ್ನನ್ನು ನೋಡಬೇಕೆನಿಸಿದೆ. ತುಂಬಾ ಎನಿಸಿದೆ. ಬೆಳಗ್ಗೆಯೇ ಜೋಳದ ರೊಟ್ಟಿ ಬಡಿದು, ಎಣ್ಣೆಗಾಯಿ ಮಾಡಿದೆ. ತಾಡಪತ್ರಿಯನ್ನು ಮಾತ್ರ ಮನೆಯಲ್ಲೇ ಬಿಡುತ್ತೇನೆ, ಹೆದರಬೇಡ.

ಇಗೋ, ಈಗ ನಿನ್ನ ದೋಣಿಗೂ ಆಶೀರ್ವಾದ.

ನಿನ್ನನ್ನು ಹೆಸರು ಹಿಡಿದು ಕರೆದ
ನಿನ್ನವ್ವ,
ಚನ್ನಬಸವ್ವ

ತಾ.ಕ.: ಎರಡು ವಾರಕ್ಕೊಮ್ಮೆ ಜಾಗ ಬದಲಿಸುವ ದೋಣಿಗೆ ಯಾವ ವಿಳಾಸ ಬರೆಯಲಿ? ಅದಕ್ಕೇ ನಾನೇ ತಂದು ದಂಡೆಯ ಕಡೆಯ ಕಿಟಕಿಯ ಸಂದಿಯಲ್ಲಿ ತೂರಿಸಿದ್ದೇನೆ. ದಾರಿ ಹೇಗೆ ಸಿಕ್ಕಿತೆಂದು ಕೇಳಬೇಡ. ಮಾಲ್‌ಗೆ ಹೋಗುತ್ತೇನೆಂದು ನಿಮ್ಮಪ್ಪನಿಗೆ ಹೇಳಿ, ಬೇಸಿಗೆಯಿಡೀ ದಂಡೆಗುಂಟ ಹುಡುಕಿ, ಸೇತುವೆಯ ಮೇಲೆ ನಿಂತು ದೋಣಿಯ ಮೇಲಿನ ನಿನ್ನ ಮೆಂತ್ಯದ ಕುಂಡ ನೋಡಿಕೊಂಡು ಹೋಗುತ್ತಿದ್ದೆ. ಸಿಟ್ಟು ಎಂದೋ ಇಳಿದಿತ್ತು. ಈಗ ಎದುರಿನ ಬೆಂಚಿನ ಮೇಲೆ ಕೂತಿದ್ದೇನೆ. ಓದಿದ್ದು ಸಾಕು, ಹೊರಗೆ ಬಂದು ಕೈ ಕೊಡು. ನನಗೆ ಚಿಕ್ಕಂದಿನಿಂದಲೂ ನೀರೆಂದರೆ ಭಯ.