ಬಾವಿ ದಾರಿಯ ಅಂಗಡಿ

19 ಜನವರಿ 1978, ಗುರುವಾರ. ಸಿಂದಗಿ

ಬೆಳಗಿನಿಂದ ಒಲೆಯ ಮೇಲಿನ ಚಹಾದ ಪಾತ್ರೆ ಕೆಳಗಿಳಿದಿಲ್ಲ. ರೊಟ್ಟಿ ಬಡಿಯುವ ಗುಂಡವ್ವ ಜ್ವರ ಅಂತ ಬಂದಿಲ್ಲ. ಪಡಸಾಲೆಯಲ್ಲಿ ಚಪ್ಪಲಿ ಬಿಡಲು ಜಾಗವಿಲ್ಲ. ಇವರಿಗೆ ಪಕ್ಷದ ಟಿಕೆಟ್ ಸಿಕ್ಕಾಗಿನಿಂದ ಹೀಗೇ.

ಆರು ವರ್ಷದ ಹಿಂದೆ ಪಕ್ಷೇತರರಾಗಿ ನಿಂತಿದ್ದರು. ವಕೀಲಿಕೆ ಬದಿಗಿಟ್ಟು ಸೈಕಲ್ ಮೇಲೆ ತಿರುಗಿದರು. ಡಿಪಾಜಿಟ್ ಹೋಯಿತು. ಆಗ ಈ ಮನೆಗೆ ಯಾರೂ ಬಂದಿರಲಿಲ್ಲ. ಈಗ ಬಂದವರಲ್ಲಿ ಅರ್ಧ ಜನರ ಹೆಸರು ನನಗೆ ಗೊತ್ತಿಲ್ಲ.

ಊಟಕ್ಕೆ ಕೂತಾಗ ಅಂದರು, "ಹೆಣ್ಣಮಕ್ಕಳ ಕಡೆ ನೀ ಹೋಗಬೇಕು, ಇಂದೂ. ನಾ ಮಾತಾಡಿದರ ಜಡ್ಜ್ ಮುಂದ ಮಾತಾಡಿದಂಗ ಆಕ್ಕೇತಿ."

ಅದು ನಿಜ. ಒಪ್ಪಿದೆ. ಸೊಸೆಯಾಗಿ ಬಂದು ಹದಿನಾಲ್ಕು ವರ್ಷ, ಇವರು ನನಗೆ ಕೊಟ್ಟ ಮೊದಲ ಹೊರಗಿನ ಕೆಲಸ. ಖುಷಿ ಆಯಿತು. ತೋರಿಸಲಿಲ್ಲ.

24 ಜನವರಿ, ಮಂಗಳವಾರ

ಆಲಮೇಲಕ್ಕೆ ಬಸ್ಸಿನಲ್ಲಿ ಹೋಗಿ ಬಂದೆ. ಮೈಯೆಲ್ಲ ಧೂಳು.

ಅಲ್ಲಿ ಕುಡಿಯುವ ನೀರಿನ ಬಾವಿಗೆ ಒಂದೇ ದಾರಿ. ಎರಡು ಎತ್ತು ಜೋಡಿಯಾಗಿ ಹೋಗದಷ್ಟು ಕಿರಿದು. ಅದರ ನಡುವೆ ಸಾರಾಯಿ ಅಂಗಡಿ. ಕಟ್ಟೆ ತುಂಬ ಗಂಡಸರು, ಹಾಡುಹಗಲೇ. ಕೊಡ ಹೊತ್ತವರು ಗೋಡೆಗೆ ಮೈ ಒತ್ತಿಕೊಂಡು ಹೋಗಬೇಕು. ನಾನೂ ಹಾಗೇ ಹೋದೆ. ಒಬ್ಬ ಏನೋ ಅಂದ. ಬರೆಯುವಂಥದ್ದಲ್ಲ.

ಹೊನ್ನವ್ವ ಅಂತ ಒಬ್ಬಾಕೆ. ಕಬ್ಬಿನ ಹೊಲದಲ್ಲಿ ಕೂಲಿ. ಗಟ್ಟಿ ದನಿ. ನಾನು ಪಾಠ ಮಾಡಿಕೊಂಡು ಹೋದ ಭಾಷಣ ಶುರುವಾಗುವ ಮೊದಲೇ ತಡೆದಳು.

"ಅಕ್ಕಾರ, ಅದೆಲ್ಲ ಇರಲಿ. ಸಂಜಿಮುಂದ ನೀರಿಗೆ ಹೋದರ ಸೆರಗು ಹಿಡದು ಜಗ್ಗತಾರ. ನನ್ನ ಮಗಳು ಮೊನ್ನೆ ಕೊಡ ಅಲ್ಲೇ ಒಗದು ಓಡಿ ಬಂದ್ಲು. ಈಗ ನೀರಿಗೆ ಹೋಗಾಂಗಿಲ್ಲ ಅಂತಾಳ. ಅಂಗಡಿ ಮುಚ್ಚಸ್ರಿ ಅನ್ನಾಂಗಿಲ್ಲ ನಾವು. ಗಂಡಸರು ಕುಡಿಯೂದು ಬಿಡಾಂಗಿಲ್ಲ, ಗೊತ್ತೈತಿ. ಆ ದಾರಿ ಬಿಟ್ಟು ಎಲ್ಲ್ಯರೆ ಇಡಲಿ. ಅಷ್ಟು ಮಾಡ್ತೀರೇನು?"

"ಮಾಡ್ತೇವಿ," ಅಂದೆ. ಇವರನ್ನು ಕೇಳದೆ.

ದಾರಿಯುದ್ದಕ್ಕೂ ಹೆದರಿಕೆ. ಬಂದು ಹೇಳಿದರೆ ಇವರು ನಕ್ಕರು. "ಚಲೋನ ಆತು. ಜೂನದಾಗ ಅಂಗಡಿಗಳ ಗುತ್ತಿಗಿ ಲಿಲಾವು, ಹರಾಜು ಇರ್ತೈತಿ. ಅದಕ್ಕೂ ಮೊದಲು ಎಮ್ಮೆಲ್ಲೆ ಒಂದು ಪತ್ರ ಬರದರ ಜಾಗ ಬದಲಿ ಆಕ್ಕೇತಿ. ಹ್ಯಾಂಡ್‌ಬಿಲ್ಲಿನಾಗ ಹಾಕಸ್ತೇನಿ."

ಇಂಥ ಮನುಷ್ಯನನ್ನೇ ನಾನು ಮದುವೆಯಾದದ್ದು.

3 ಫೆಬ್ರುವರಿ, ಶುಕ್ರವಾರ

ಗುತ್ತೇದಾರ ಯಂಕಪ್ಪ ಬಂದಿದ್ದರು. ಮುದ್ದೇಬಿಹಾಳದವರು. ಈ ಭಾಗದ ಸಾರಾಯಿ ಅಂಗಡಿಗಳೆಲ್ಲ ಅವರ ಕೈಯಲ್ಲಿ. ಆಲಮೇಲದ್ದೂ ಸೇರಿ.

ದೊಡ್ಡ ಮೀಸೆಯ ರಾಕ್ಷಸನನ್ನು ಎಣಿಸಿಕೊಂಡಿದ್ದೆ. ಬಂದವರು ಬಡಕಲು ಮೈಯವರು. ಬಿಳಿ ಧೋತರ, ಹಣೆಗೆ ವಿಭೂತಿ. ಕುಡಿಯುವುದಿಲ್ಲ. ಎಲೆ ಅಡಿಕೆಯೂ ಇಲ್ಲ. "ವೈನಿ, ಚಹಾದಾಗ ಸಕ್ಕರಿ ಬ್ಯಾಡ್ರಿ," ಅಂತ, ಅಣ್ಣನ ಹೆಂಡತಿಯನ್ನು ಕರೆಯುವಂತೆ, ಎದ್ದು ನಿಂತು ಕೈ ಮುಗಿದರು.

ಇವರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅರ್ಧ ತಾಸು. ಮಧ್ಯಾಹ್ನ ಮೂರು ಜೀಪು ಬಂದು ಮನೆಯ ಮುಂದೆ ನಿಂತವು. ಪೆಟ್ರೋಲ್, ಡ್ರೈವರ್ ಸಮೇತ.

"ಏನು ಕೇಳಿದ್ರು?" ಅಂದೆ.

"ಏನೂ ಕೇಳಿಲ್ಲ."

"ಏನೂ ಕೇಳದ ಕೊಡ್ತಾರೇನ್ರಿ?"

"ಎದುರಿನವ್ರ ಕಡೆ ಆರು ಜೀಪು ಅದಾವ. ನೂರಾ ಮೂವತ್ತು ಹಳ್ಳಿ. ಉಳದದ್ದು ಮೂರು ವಾರ. ಒಮ್ಮೆ ಸೈಕಲ್ ಹೊಡದು ನೋಡೇನಿ. ಏನಾತು? ಪ್ರಾಮಾಣಿಕ ಅಂದ್ರು, ಮನಿಗೆ ಕಳಿಸಿದ್ರು."

 

9 ಫೆಬ್ರುವರಿ, ಗುರುವಾರ

ಹ್ಯಾಂಡ್‌ಬಿಲ್ ಬಂತು. ಎರಡು ಸಲ ಓದಿದೆ. ಬಾವಿ ದಾರಿ ಇಲ್ಲ, ಅಂಗಡಿ ಇಲ್ಲ. ಆ ಜಾಗದಲ್ಲಿ "ಮಹಿಳೆಯರ ಸರ್ವಾಂಗೀಣ ಕಲ್ಯಾಣ" ಅಂತ ಇದೆ. ಹೊನ್ನವ್ವನಿಗೆ ಇದನ್ನು ಓದಿ ಹೇಳಿದರೆ ಏನಂತ ಕೇಳಿಯಾಳು?

"ಜಾಗ ಸಾಲಲಿಲ್ಲ," ಅಂದರು. ಅರ್ಧ ಹಾಳೆ ತುಂಬ ಇವರ ಫೋಟೋ.

"ಬಾಯಿಲೆ ಹೇಳು ನೀ. ಬರದು ಕೊಡೂದು ಬ್ಯಾಡ."

ಹೋಗಿ ಬಾಯಿಯಿಂದಲೇ ಹೇಳಿದೆ. ಆಲಮೇಲದ ನಾಲ್ಕು ಓಣಿಗಳಲ್ಲಿ. ಹೋದದ್ದು ಯಂಕಪ್ಪನವರ ಜೀಪಿನಲ್ಲಿ. ಬಸ್ಸಿಗಿಂತ ಆರಾಮ. ಅದನ್ನೂ ಬರೆದಿಡುತ್ತೇನೆ.

24 ಫೆಬ್ರುವರಿ, ಶುಕ್ರವಾರ. ಮಧ್ಯಾಹ್ನ

ನಾಳೆ ಮತದಾನ.

ಬಳೆಗಾರ್ತಿ ಹಜರಾಬಿ ಆಲಮೇಲದಿಂದ ಬಂದವಳು ನಗುನಗುತ್ತ ಅಂದಳು, "ಅಕ್ಕಾರ, ನೀವು ಕಳಿಸಿದ ಕುಬಸದ ಖಣ ಭಾಳ ಚಲೋ ಅದಾವ್ರಿ. ಜೀಪಿನವ್ರು ಮನಿಗೊಂದು ಹಂಚ್ಯಾರ. ವಕೀಲರ ಮನಿಯವ್ರು ಕಳಿಸ್ಯಾರ ಅಂತ ಹೇಳೇ ಕೊಟ್ರು."

ನಾನು ಯಾವ ರವಿಕೆ ಬಟ್ಟೆಯನ್ನೂ ಕಳಿಸಿಲ್ಲ.

"ಹೊನ್ನವ್ವ ಮಾತ್ರ ತಗೊಳ್ಳಲಿಲ್ರಿ. ಮಾತು ಕೊಟ್ಟಾರ, ಓಟು ಕೊಡ್ತೇವಿ, ನಡುವ ಖಣ ಯಾಕ ಅಂದ್ಲು. ಗಂಡಸರಿಗೆ ನಿನ್ನೆಯಿಂದ ಅಂಗಡ್ಯಾಗ ಪುಕ್ಕಟೆ ಐತ್ರಿ. ಬಾವಿಗೆ ಹೋಗಾಕ ಆಗವಲ್ದು."

ಇವರನ್ನು ಕೇಳಬೇಕು. ಇವರು ಊರಲ್ಲಿಲ್ಲ. ಎಲ್ಲಿದ್ದಾರೆ, ಯಾರಿಗೂ ಗೊತ್ತಿಲ್ಲ.

27 ಫೆಬ್ರುವರಿ, ಸೋಮವಾರ

ಗೆದ್ದರು. ಸಾವಿರದ ಒಂಬೈನೂರು ಚಿಲ್ಲರೆ ಮತಗಳ ಅಂತರ. ಆಲಮೇಲದ ಬೂತುಗಳಿಂದಲೇ ಆ ಅಂತರ ಬಂತಂತೆ. ಹೆಣ್ಣುಮಕ್ಕಳ ಸಾಲೇ ಉದ್ದವಿತ್ತಂತೆ.

ಬಾಗಿಲಲ್ಲಿ ಇವರು ನನ್ನ ಕೈ ಹಿಡಿದು, "ನೀ ಗೆಲ್ಲಿಸಿದಿ," ಅಂದರು. ಕಣ್ಣು ತುಂಬಿತ್ತು. ಸುಳ್ಳು ಕಣ್ಣೀರಲ್ಲ. ನನಗೆ ಗೊತ್ತಾಗುತ್ತದೆ.

ಆಳೆತ್ತರದ ಹಾರ ಯಂಕಪ್ಪನವರದು. ಎತ್ತಲು ಇಬ್ಬರು ಬೇಕಾಯಿತು.

16 ಏಪ್ರಿಲ್, ಭಾನುವಾರ

ಏಳು ವಾರ ಬರೆದಿಲ್ಲ. ಬಸವನ ಬಾಗೇವಾಡಿಗೆ ತವರಿಗೆ ಹೋಗಿದ್ದೆ. ಅಲ್ಲೂ ಜನ ಬಂದು ಅರ್ಜಿ ಕೊಟ್ಟರು. ಅವ್ವ ಅಂದಳು, "ಮಗಳು ಬಂದಾಳೋ, ಚಾವಡಿ ಬಂದೈತೋ."

ಇವರು ಬೆಂಗಳೂರಿಗೆ ಹೋಗುವುದು, ಬರುವುದು. ನಿನ್ನೆ ಇಂಡಿ ಪಟ್ಟಣದಲ್ಲಿ ಸತ್ಕಾರ ಸಮಾರಂಭ. ವೇದಿಕೆಯ ಮೇಲೆ ಇವರ ಬಲಕ್ಕೆ ಯಂಕಪ್ಪ. ಊಟದ ಏರ್ಪಾಟೂ ಅವರದೇ.

ಅಂಗಡಿಯ ಪತ್ರದ ವಿಷಯ ನೆನಪಿಸಿದೆ. "ಬರೀತೇನಿ," ಅಂದರು. ಮೊನ್ನೆಯೂ ಬರೀತೇನಿ. ಯುಗಾದಿಗೂ ಬರೀತೇನಿ. ಕಾಗದ ತಂದು ಮುಂದಿಟ್ಟೆ. ಅದರ ಮೇಲೆ ಯಾರದೋ ಟೆಲಿಫೋನ್ ನಂಬರ್ ಬರೆದುಕೊಂಡು ಹೊರಗೆ ಹೋದರು.

30 ಮೇ, ಮಂಗಳವಾರ

ಹೊನ್ನವ್ವ ಬಂದಿದ್ದಳು. ಒಂದು ದಿನದ ಕೂಲಿ ಬಿಟ್ಟು, ಬಿಸಿಲಲ್ಲಿ. ಅರ್ಜಿ ತಂದಿದ್ದಳು. ಸಾಲಿ ಮಾಸ್ತರರಿಂದ ಬರೆಸಿದ್ದು. ಎಂಬತ್ಮೂರು ಹೆಬ್ಬೆಟ್ಟು, ನಾಲ್ಕು ಸಹಿ.

ಇವರು ಪಡಸಾಲೆಗೆ ಬಂದು ಎರಡೂ ಕೈಯಿಂದ ತೆಗೆದುಕೊಂಡರು. "ಆತವ್ವ, ನಾ ನೋಡ್ಕೋತೇನಿ."

ಅವಳು ಉಂಡು ಹೋದಳು. ಮಗಳ ಓದು ಬಿಡಿಸಿದ್ದಾಳಂತೆ. ಸಾಲಿಯೂ ಅದೇ ದಾರಿಯಲ್ಲಿ.

8 ಜೂನ್, ಗುರುವಾರ

 ಆದದ್ದನ್ನು ಆದಂತೆ ಬರೆಯಬೇಕು.

ಲಿಲಾವಿಗೆ ಮುಂಚೆ ಅಂಗಡಿ ಜಾಗದ ವಿಚಾರಣೆ ಇತ್ತು, ಆಲಮೇಲದ ಚಾವಡಿಯಲ್ಲಿ. ಅಬಕಾರಿ ಸಾಹೇಬರು ಬಿಜಾಪುರದಿಂದ ಬಂದಿದ್ದರು. ಹೊನ್ನವ್ವ ಹೇಳಿ ಕಳಿಸಿದ್ದಳು, ಹೋದೆ. ಇವರು ಬೆಂಗಳೂರಿನಲ್ಲಿ. ಅರವತ್ತು ಹೆಂಗಸರು ಅಂಗಳದಲ್ಲಿ ಕೂತಿದ್ದರು. ಕಟ್ಟೆಯ ಮೇಲೆ ಯಂಕಪ್ಪ. ನನ್ನನ್ನು ನೋಡಿ ಎದ್ದು ಕೈ ಮುಗಿದರು.

ಸಾಹೇಬರು ಅಂದರು, "ಈ ಜಾಗದ ಬಗ್ಗೆ ಕಚೇರಿಗೆ ಯಾವ ಅರ್ಜಿಯೂ ಬಂದಿಲ್ಲ. ಶಾಸಕರ ಪತ್ರ ಒಂದಿದೆ." ಓದಿದರು. ಸದರಿ ಅಂಗಡಿ ಅನೇಕ ವರ್ಷಗಳಿಂದ ಅದೇ ಸ್ಥಳದಲ್ಲಿದ್ದು ಸಾರ್ವಜನಿಕರ ಯಾವುದೇ ತಕರಾರು ಇರುವುದಿಲ್ಲ. ಮುಂದುವರಿಸಲು ಅಡ್ಡಿ ಇಲ್ಲ.

ಕೆಳಗೆ ಇವರ ಹೆಸರು.

ಅರವತ್ತು ಮುಖ ನನ್ನ ಕಡೆ ತಿರುಗಿದವು.  ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊನ್ನವ್ವ ಮಾತ್ರ ಮೆಲ್ಲಗೆ, "ಅಕ್ಕಾರ, ನಮ್ಮ ಅರ್ಜಿ?" ಅಂದಳು.

ಎದ್ದು ನಿಂತದ್ದು ನೆನಪಿದೆ. "ಆ ಪತ್ರ ಸುಳ್ಳೈತ್ರಿ," ಅಂದೆ. "ತಕರಾರು ಐತಿ. ಎಂಬತ್ತೇಳು ಜನರ ಅರ್ಜಿ ಬರದೈತಿ. ನನ್ನ ಕಣ್ಣ ಮುಂದ ಕೊಟ್ಟಾರ."

"ತಾವು ಯಾರ್ರಿ?"

"ಪತ್ರ ಬರದವ್ರ ಹೆಂಡತಿ."

ಸಾಹೇಬರು ಪೆನ್ನು ಕೆಳಗಿಟ್ಟರು. ಯಂಕಪ್ಪ, "ವೈನಿಯವ್ರಿಗೆ ಬಿಸಲು ಹತ್ತೈತಿ, ನೀರು ಕೊಡ್ರಿ," ಅಂದರು. ನೀರು ತಂದರು. ಕುಡಿಯಲಿಲ್ಲ. "ನಾ ಹೇಳಿದ್ದು ಬರಕೋರಿ," ಅಂದೆ. ಬರೆದುಕೊಂಡರು. ಸಹಿ ಮಾಡಿದೆ. ಆಮೇಲೆ ಒಬ್ಬೊಬ್ಬರಾಗಿ ಎದ್ದು ಬಂದು ಹೆಬ್ಬೆಟ್ಟು ಒತ್ತಿದರು. ಶಾಯಿ ಮುಗಿದು, ಪಕ್ಕದ ಅಂಗಡಿಯಿಂದ ತರಿಸಬೇಕಾಯಿತು.

11 ಜೂನ್, ಭಾನುವಾರ

ಇವರು ಬಂದರು. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಕೂಗಾಡಲಿಲ್ಲ. ಊಟ ಮಾಡಿದರು. ಕೈ ತೊಳೆದು ಕೂತರು.

"ನನಗ ಹೇಳಬಹುದಿತ್ತು."

"ನಾಕು ತಿಂಗಳಿಂದ ಹೇಳಾಕತ್ತೇನ್ರಿ."

"ಆ ಪತ್ರ ಮೊದಲೇ ಬರದು ಸಹಿ ಮಾಡಿ ಕೊಟ್ಟಿದ್ದೆ. ಗೆದ್ದ ಮ್ಯಾಲೆ ಹಾಕ್ಕೊಳ್ಳಲಿ ಅಂತ ತಾರೀಖು ಹಾಕಿರಲಿಲ್ಲ. ಜೀಪು ಬಂದ ದಿನಾನ."

ಅಂದರೆ ಹ್ಯಾಂಡ್‌ಬಿಲ್‌ಗೂ ಮೊದಲು. ನಾನು ಓಣಿ ಓಣಿ ತಿರುಗಿ ಮಾತು ಕೊಡುವಾಗ ಆ ಮಾತು ಆಗಲೇ ಮಾರಾಟವಾಗಿತ್ತು.

"ಮತ್ತ ನನ್ನ ಯಾಕ ಕಳಿಸಿದ್ರಿ?"

"ನೀ ನಂಬಿದ್ದಿ. ಅದಕ್ಕ ಅವರೂ ನಂಬಿದ್ರು," ಅಂದರು. ಸಾಕ್ಷಿಯ ಹೇಳಿಕೆ ಓದುವ ದನಿಯಲ್ಲಿ.

 

24 ಜೂನ್, ಶನಿವಾರ

ಬಾವಿ ದಾರಿಯಿಂದ ಅಂಗಡಿ ಎದ್ದಿತು. ಬಸ್ ಸ್ಟ್ಯಾಂಡ್ ರಸ್ತೆಗೆ ಸರಿಸಲು ಹುಕುಂ ಬಂದಿದೆ. ಹಜರಾಬಿ ಸುದ್ದಿ ತಂದಳು. ಹೊನ್ನವ್ವನ ಮಗಳು ಸಂಜೆ ಹೊತ್ತಿನಲ್ಲಿ ನೀರಿಗೆ ಹೋಗಿ ಬಂದಳಂತೆ, ಒಬ್ಬಳೇ.

ಅಡುಗೆಮನೆಯಲ್ಲಿ ಕೂತು ಅತ್ತೆ. ಬಹಳ ದಿನದ ಮೇಲೆ ಹಗುರ.

ಸಂಜೆ ಪೇಪರ್ ನೋಡಿದೆ. "ಶಾಸಕರ ಸತತ ಪ್ರಯತ್ನದ ಫಲವಾಗಿ ಅಂಗಡಿ ಸ್ಥಳಾಂತರ." ಆ ಹಾಳೆಯ ಮೇಲೆಯೇ ಅಕ್ಕಿ ಆರಿಸಿದೆ.

10 ಆಗಸ್ಟ್, ಗುರುವಾರ. ಮಧ್ಯಾಹ್ನ ಎರಡೂವರೆ

ಯಂಕಪ್ಪ ಬಂದಿದ್ದರು. ಇವರನ್ನಲ್ಲ, ನನ್ನನ್ನು ಕಾಣಲು. ಬೇಗ ಬರೆಯಬೇಕು, ಹೊರಡಬೇಕು.

"ಸಿಟ್ಟಿಲ್ಲೇನ್ರಿ?" ಅಂತ ನಾನೇ ಕೇಳಿದೆ.

"ಎದರ ಸಿಟ್ಟು ವೈನಿ? ಬಸ್ ಸ್ಟ್ಯಾಂಡಿಗೆ ಬಂದ ಮ್ಯಾಲೆ ವ್ಯಾಪಾರ ಇಮ್ಮಡಿ ಆಗೈತಿ. ಮೊದಲ ಗೊತ್ತಿದ್ದರ ನಾನ ಸರಸ್ತಿದ್ದೆ." ನಕ್ಕರು. ಆಮೇಲೆ ವಿಷಯಕ್ಕೆ ಬಂದರು. ತಾಲೂಕ ಬೋರ್ಡಿನ ಚುನಾವಣೆ ಹತ್ತಿರ ಬಂತು. ಹೆಂಗಸರಿಗೂ ಮೀಸಲು ಜಾಗಗಳಿವೆ. "ನಿಮ್ಮ ಹಿಂದ ಹೆಣ್ಣಮಕ್ಕಳು ಅದಾರ. ಅವತ್ತು ಚಾವಡ್ಯಾಗ ನೋಡಿದೆ. ನೀವು ನಿಲ್ಲರಿ. ಖರ್ಚಿನ ಚಿಂತಿ ನಮಗ ಬಿಡ್ರಿ."

ಇವರು ಕೋಣೆಯ ಬಾಗಿಲಲ್ಲಿ ನಿಂತಿದ್ದರು. "ವಿಚಾರ ಮಾಡು, ಇಂದೂ," ಅಂದರು.

"ನನಗ ಬ್ಯಾಡ," ಅಂದೆ.

ಯಂಕಪ್ಪ ಬೇಜಾರು ಮಾಡಿಕೊಳ್ಳಲಿಲ್ಲ. ಚಹಾ ಮುಗಿಸಿದರು. ಕಪ್ಪು ತಾವೇ ಬಗ್ಗಿ ಕೆಳಗಿಟ್ಟರು. "ಆತ್ರಿ. ಹಂಗಾರ ಹೊನ್ನವ್ವಗ ಕೇಳ್ತೇನಿ. ಗಟ್ಟಿ ಹೆಂಗಸು. ಇವತ್ತ ಆ ಕಡೆ ಹೊಂಟೇನಿ."

ಹೊರಟೇ ಹೋದರು.

ಮೂರಕ್ಕೆ ಬಸ್ಸಿದೆ. ಜೀಪು ಮೊದಲು ಮುಟ್ಟುತ್ತದೆ. ಹೊನ್ನವ್ವನಿಗೆ ಏನು ಹೇಳಲಿ? ಬೇಡ ಅನ್ನಲೇ? ನನಗಿಂತ ಅವಳೇ ತಕ್ಕವಳು, ನಿಂತರೆ ಗೆಲ್ಲುತ್ತಾಳೆ. ಕೂಲಿ ಮಾಡುವವಳು ಬೋರ್ಡಿಗೆ ಹೋಗುವುದು ಬೇಡ ಅನ್ನಲು ನನಗೆ ಬಾಯಿ ಬಂದೀತೇ? ಅವರಿಂದ ದುಡ್ಡು ತಗೋಬೇಡ ಅನ್ನಬಹುದು. ಅಂದರೆ ಅವಳು ಕೇಳುತ್ತಾಳೆ, ಮತ್ತ ಯಾರ ಕಡೆಯಿಂದ ತಗೊಳ್ಳಲಿ ಅಕ್ಕಾರ, ನೀವು ಕೊಡ್ತೀರೇನು ಅಂತ. ಅದಕ್ಕೆ ನಾನು — ಬಸ್ಸಿನ ಹೊತ್ತಾಯಿತು, ಹೊರಟೆ.