ಕುರಿ ಮೆದುಳಿನ ಸೂಜಿಯೂ ತಮ್ಮ ‘ಅಪರೂಪ’ವೂ

ಆರೋಗ್ಯ ಇಲಾಖೆಯ ಹಿರಿಯ ಅಧಿಕಾರಿಗಳೇ,

ನನ್ನ ಹೆಂಡತಿ ನಾಗರತ್ನಾಳಿಗೆ ಹುಚ್ಚುನಾಯಿ ಕಡಿತದ ಮುಂದಿನ ಸೂಜಿ ಹಾಕಿಸಬೇಕೋ ಬೇಡವೋ? ನನ್ನ ಪ್ರಶ್ನೆ ಇಷ್ಟೇ. ಮೊನ್ನೆ ತಾವು ಪತ್ರಿಕೆಗೆ ಕೊಟ್ಟ ಹೇಳಿಕೆಯಲ್ಲಿ ಎಷ್ಟು ಹುಡುಕಿದರೂ ಉತ್ತರ ಸಿಗದ ಕಾರಣ, ಅದೇ ಪತ್ರಿಕೆಯಲ್ಲಿ ಕೇಳುತ್ತಿದ್ದೇನೆ.

ಅಮರಗೋಳದ ಮಾರುಕಟ್ಟೆ ಪ್ರಾಂಗಣದಲ್ಲಿ ನನ್ನದೊಂದು ಕಾಳಿನ ಅಂಗಡಿ. ಬುತ್ತಿ ತಂದಿದ್ದ ನಾಗರತ್ನಾಳನ್ನು ಅಂಗಡಿಯ ಎದುರೇ ನಾಯಿ ಕಚ್ಚಿತು. ನಮ್ಮ ಹಮಾಲರಿಗೆ ಆಕೆ ಎಂದರೆ ಸ್ವಂತ ಅಕ್ಕ. ಸಿಟ್ಟಿಗೆದ್ದು ನಾಯಿಯನ್ನು ಅಲ್ಲೇ ಹೊಡೆದು ಕೊಂದರು. “ಇನ್ನ ಹೆದರಬ್ಯಾಡ್ರಿ ಅಕ್ಕಾರ, ಅದನ್ನ ಮುಗಿಸಿಬಿಟ್ಟೇವಿ” ಎಂದು ಹಮಾಲ ಮಕಬೂಲಸಾಬ ಧೈರ್ಯವನ್ನೂ ಹೇಳಿದ. ಸರ್ಕಾರಿ ಆಸ್ಪತ್ರೆಯ ಡಾಕ್ಟರರು ಮೊದಲು ಕೇಳಿದ್ದೇ, “ನಾಯಿ ಎಲ್ಲೈತ್ರಿ? ಹತ್ತು ದಿನ ಕಟ್ಟಿಹಾಕಿ ನೋಡಬೇಕಿತ್ರಿ. ಅದು ನೆಟ್ಟಗ ಉಳದಿದ್ರ ಸೂಜಿ ಅರ್ಧಕ್ಕ ನಿಲ್ಲಸಬಹುದಿತ್ತು.” ಹಮಾಲರ ಪ್ರೀತಿಯಿಂದ ನಮಗೆ ಆ ದಾರಿಯೂ ತಪ್ಪಿತು.

ಹೊಟ್ಟೆಗೆ ಸೂಜಿ ಶುರುವಾದವು. ಅರ್ಧ ಆಗಿರುವಾಗ ಪತ್ರಿಕೆಯಲ್ಲಿ ಚರ್ಚೆಯೂ ಶುರುವಾಯಿತು. ಈ ಲಸಿಕೆ ಕುರಿಯ ಮೆದುಳಿನಿಂದ ಮಾಡಿದ್ದು, ಕೆಲವರಿಗೆ ಇದರಿಂದಲೇ ಕಾಲಿನ ಸ್ವಾಧೀನ ಹೋಗುತ್ತದೆ, ಜೀವಕೋಶಗಳಲ್ಲಿ ಬೆಳೆಸಿದ ಹೊಸ ಲಸಿಕೆಯೇ ಮೇಲು ಎಂದರು ಒಬ್ಬ ತಜ್ಞರು. ಹಳೆಯದೇ ಎಷ್ಟೋ ಜೀವ ಉಳಿಸಿದೆ ಎಂದರು ಇನ್ನೊಬ್ಬರು. ತಾವು ಇಬ್ಬರಿಗೂ ತಲೆದೂಗಿ, ‘ಅಪಾಯ ಅಪರೂಪ; ಹೊಸದು ಹಂತ ಹಂತವಾಗಿ ಬರಲಿದೆ’ ಎಂದಿರಿ. ಸ್ವಾಮಿ, ನಾಯಿ ಹಂತ ಹಂತವಾಗಿ ಕಚ್ಚಲಿಲ್ಲ.

ನಮ್ಮದು ಲಿಂಗಪೂಜೆಯ ಮನೆತನ. ತತ್ತಿ ಬೇಯಿಸುವ ಮನೆಯಲ್ಲಿ ನೀರನ್ನೂ ಕುಡಿಯದ ನನ್ನ ತಾಯಿ ಬಾಳವ್ವ, ಕುರಿಯ ಸುದ್ದಿ ಕೇಳಿ ರಂಪ ಮಾಡುತ್ತಾಳೆಂದು ಹೆದರಿದ್ದೆ. ಅವ್ವ ಸೊಸೆಯ ಪಾದ ತಿಕ್ಕುತ್ತ ಹೇಳಿದಳು: “ಕುರೀದರ ಇರ್ಲಿ, ಕೋಣಂದರ ಇರ್ಲಿ, ನನ್ನ ಸೊಸಿ ಉಳದ್ರ ಸಾಕು. ಕಾಲು ಜುಮುಜುಮು ಅಂತಾವಂತ. ಇದನ್ನ ಯಾರಿಗಿ ಕೇಳೂದೋ ಚನ್ನಯ್ಯಾ?”

ಕೇಳಿದೆ. “ಸೂಜಿಯಿಂದನೂ ಇರಬಹುದು, ಅಂಜಿಕಿಯಿಂದನೂ ಇರಬಹುದು. ಹೊಸಾದು ಹಾಕಬೇಕಂದ್ರ ಮ್ಯಾಲಿನ ಆದೇಶ ಬೇಕ್ರಿ” ಎಂದರು ಡಾಕ್ಟರರು. ಮೇಲೆ ಎಂದರೆ ತಾವು. ತಮ್ಮ ಕಚೇರಿಯಲ್ಲಿ, ಅದು ಡಾಕ್ಟರರ ವಿವೇಚನೆಗೆ ಬಿಟ್ಟ ವಿಷಯ ಎಂದರು. ಔಷಧಿ ಅಂಗಡಿಗಳಲ್ಲಿ ಹೊಸ ಲಸಿಕೆ ಚರ್ಚೆ ಶುರುವಾದಾಗಲೇ ಖಾಲಿ. ಹಾಕಿಸಿದರೆ ಕಾಲಿನ ಭಯ, ಬಿಟ್ಟರೆ ಜೀವದ ಭಯ. ತಮ್ಮ ‘ಅಪರೂಪ’ ನಿಜವೇ ಇರಬಹುದು. ಆದರೆ ಅದು ಯಾರ ಮನೆಗೆ ಬರುತ್ತದೋ ಅವರಿಗೆ ಪೂರ್ತಿಯಾಗಿಯೇ ಬರುತ್ತದಲ್ಲವೇ?

ಹೊಸ ಲಸಿಕೆಯನ್ನು ಕೂಡಲೇ ಆಸ್ಪತ್ರೆಗೆ ಕಳಿಸಿ, ಹಾಕಲು ಆದೇಶ ಕೊಡಿ. ಅದಾಗದಿದ್ದರೆ ತಾವೇ ಬನ್ನಿ. ತಾವು ಚಹ ಕುಡಿಯುತ್ತ ಇದನ್ನು ಓದುವ ಹೊತ್ತಿಗೆ ನಾವು ಸೂಜಿ ಕೋಣೆಯ ಮುಂದೆ ಕುಳಿತಿರುತ್ತೇವೆ. ನಾಗರತ್ನಾ ಇವತ್ತು ನನಗೆ ಬುತ್ತಿ ಕಟ್ಟುತ್ತ ಅಂದಳು: “ನೀವು ಹಾಕಿಸ್ಕೋ ಅಂದ್ರ ಹಾಕಿಸ್ಕೋತೇನಿ, ಬ್ಯಾಡಂದ್ರ ಬಿಡ್ತೇನಿ. ಹೇಳ್ರಿ.”

ನಾನು ಬುತ್ತಿ ಹಿಡಿದು ಅಂಗಡಿಗೆ ಬಂದು ಈ ಪತ್ರ ಬರೆಯಲು ಕುಳಿತೆ. ಆಕೆಯ ಮುಖ ನೋಡಿ ತಾವೇ ಹೇಳಿ.

ಇಂತಿ,
ಹೆಂಡತಿಯ ಒಂದು ಮಾತಿಗೆ ಉತ್ತರ ಕೊಡಲಾಗದ
ಚನ್ನಯ್ಯ, ಕಾಳಿನ ವ್ಯಾಪಾರಿ
ಅಮರಗೋಳ, ಹುಬ್ಬಳ್ಳಿ